ಮನೆಗೊಂದು ಚೀಟಿ

ಎಳ್ಳಮಾವಾಸ್ಯೆಗೆ ಇನ್ನೂ ಒಂದು ತಿಂಗಳಿದೆ ಎನ್ನುವಾಗ ತುಬಚಿಯ ಮಾಸ್ತರರಿಂದ ನನಗೆ ಫೋನು ಬಂದಿತು. ಇವರು ಅಲ್ಲಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಾರೆ. ಉತ್ತರಪತ್ರಿಕೆಗಳ ಮೌಲ್ಯಮಾಪನದ ಬೇಸಗೆಯೊಂದರಲ್ಲಿ ಆದ ಪರಿಚಯ ಕಾಲಕ್ರಮದಲ್ಲಿ ಸ್ನೇಹವಾಗಿ ಬೆಳೆದಿದೆ. ಆ ದಿನ ಅವರ ದನಿಯಲ್ಲಿ ಎಂದಿಲ್ಲದ ಸಂಕೋಚವಿತ್ತು.

"ಸರ, ನಮ್ಮ ಭಜನಾ ಮ್ಯಾಳದ್ದು ಪೇಟಿ ಕೆಟ್ಟೈತಿ. ಹೊಸಾದು ತರಾಕ ಹುಡುಗ್ರು ಲಕ್ಕಿ ಡ್ರಾ ಇಟ್ಟಾರ. ಚೀಟಿ ಎತ್ತೂ ದಿವಸ ನೀವು ಬಂದು ಕುರ್ಚಿ ಮ್ಯಾಲ ಕುಂದರಬೇಕ್ರಿ."

ನಾನು ನಕ್ಕೆ. ಚೀಟಿ ಎತ್ತುವುದಕ್ಕೆ ಎಂ.ಎ. ಪದವೀಧರನ ಅಗತ್ಯವೇನೆಂದು ಕೇಳಿದೆ. ಅವರು ನಗಲಿಲ್ಲ. "ಊರವರು ಯಾರ ಕುಂತ್ರೂ ನಾಳೆ ಮಾತು ಬರ್ತಾವ್ರಿ. ನಿಮಗ ಇಲ್ಲಿ ಬೀಗರಿಲ್ಲ, ದಾಯಾದ್ಯರಿಲ್ಲ" ಎಂದರು.

ಆ ಮಾತು ನನ್ನನ್ನು ತಟ್ಟಿತು. ನಾನು ಚಿಕ್ಕವನಾಗಿದ್ದಾಗ ನಮ್ಮ ತಂದೆಯವರು ಯಾವುದೋ ಕಟ್ಟಡದ ಸಹಾಯಾರ್ಥವೆಂದು ಹತ್ತು ರೂಪಾಯಿಯ ಕೂಪನ್ನೊಂದನ್ನು ಕೊಂಡಿದ್ದರು. ಮೊದಲನೆಯ ಬಹುಮಾನ ಸ್ಕೂಟರು. ಪ್ರಾಥಮಿಕ ಶಾಲೆಯ ಶಿಕ್ಷಕರ ಮನೆಗೆ ಆ ಕಾಲದಲ್ಲಿ ಹತ್ತು ರೂಪಾಯಿ ಸಣ್ಣದಾಗಿರಲಿಲ್ಲ. ಹೇಳಿದ ದಿನ ಚೀಟಿ ಎತ್ತಲಿಲ್ಲ. ಮುಂದೂಡಿದ ದಿನವೂ ಎತ್ತಲಿಲ್ಲ. ಆಮೇಲೆ ಅದನ್ನು ಕೇಳುವವರೂ ಇರಲಿಲ್ಲ. ತಂದೆಯವರು ಆ ಗುಲಾಬಿ ಬಣ್ಣದ ಚೀಟಿಯನ್ನು ಪಂಚಾಂಗದ ನಡುವೆ ಇಟ್ಟಿದ್ದರು. ಪ್ರತಿ ಯುಗಾದಿಗೆ ಹಳೆಯ ಪಂಚಾಂಗದಿಂದ ಹೊಸದಕ್ಕೆ ಅದು ವರ್ಗವಾಗುತ್ತಿತ್ತು. ಸ್ಕೂಟರಿನ ಆಸೆ ಅವರಿಗಿತ್ತೆಂದು ನಾನು ನಂಬಲಾರೆ. ಯಾರನ್ನೂ ಬೈಯದೆ ಒಂದು ಮೋಸವನ್ನು ನೆನಪಿಟ್ಟುಕೊಳ್ಳುವ ಅವರ ರೀತಿ ಅದಾಗಿತ್ತು. ಹೀಗಾಗಿ ಮಾಸ್ತರರಿಗೆ ಬರುತ್ತೇನೆಂದು ಹೇಳುವ ಮೊದಲು, ಬರುವ ರವಿವಾರ ಒಮ್ಮೆ ಬಂದು ಎಲ್ಲವನ್ನೂ ಕಣ್ಣಾರೆ ನೋಡುತ್ತೇನೆಂದೆ.

ಜಮಖಂಡಿಯವರೆಗೆ ಬಸ್ಸು. ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಈ ಊರು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಕನ್ನಡ ನಾಡಿಗೆ ಬಂದಿತು. 1997ರಲ್ಲಿ ವಿಜಾಪುರ ಜಿಲ್ಲೆಯಿಂದ ಬಿಡಿಸಿ ಬಾಗಲಕೋಟೆಗೆ ಸೇರಿಸಿದರು. ಗುರುದೇವ ರಾನಡೆಯವರು 1886ರಲ್ಲಿ ಹುಟ್ಟಿದ್ದು ಇಲ್ಲಿಯೇ. ಆದರೆ ಕಬ್ಬಿನ ಹಂಗಾಮಿನಲ್ಲಿ ಬಂದವನಿಗೆ ಇತಿಹಾಸದ ವಿಚಾರ ಹೊಳೆಯುವುದು ಕಷ್ಟ. ದಾರಿಯುದ್ದಕ್ಕೂ ಎರಡೆರಡು ಟ್ರೇಲರಿಗೆ ಕಬ್ಬು ಹೇರಿಕೊಂಡು, ಹಾಡು ಹಚ್ಚಿಕೊಂಡು, ಮದುವೆಯ ದಿಬ್ಬಣದಂತೆ ಸಾಗುವ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ಬಿದ್ದ ಜಲ್ಲೆಗಳನ್ನು ಆಯಲು ಓಡುವ ಹುಡುಗರು. ಗಾಳಿಯಲ್ಲೆಲ್ಲ ಆಲೆಮನೆಯ ಬೆಲ್ಲದ ಪಾಕದ ಕಂಪು.

ಮಾಸ್ತರರು ಬಸ್ ನಿಲ್ದಾಣದಿಂದ ನನ್ನನ್ನು ತಮ್ಮ ಮೋಟರ್ ಸೈಕಲ್ಲಿನ ಮೇಲೆ ಕರೆದೊಯ್ದರು. ತುಬಚಿಯ ಹೆಸರನ್ನು ಪತ್ರಿಕೆ ಓದುವವರು ಕೇಳಿರಬಹುದು: ಕೃಷ್ಣೆಯ ನೀರನ್ನೆತ್ತಿ ವಿಜಯಪುರದ ಕಡೆಯ ಒಣಭೂಮಿಗೆ ಹರಿಸುವ ಏತ ನೀರಾವರಿ ಯೋಜನೆ ತುಬಚಿ-ಬಬಲೇಶ್ವರ ಎಂಬ ಹೆಸರಿನದು. ಯೋಜನೆ ಹೆಸರಾಂತದ್ದು, ಊರು ಮಾತ್ರ ತನ್ನ ಪಾಡಿಗೆ ತಾನಿದೆ. ಕರಿಮಣ್ಣು, ಕಬ್ಬು, ಜೋಳ. ಕಟ್ಟೆಯ ಮೇಲೆ ಕುಳಿತು ಬಂದವರ ಕುಲಗೋತ್ರ ವಿಚಾರಿಸುವ ಹಿರಿಯರು. ಕೃಷ್ಣಾತೀರದ ಈ ಸೀಮೆಗೆ ಹೊಳೆಯೇ ಭಾಗ್ಯ, ಹೊಳೆಯೇ ಭಯ. 2005, 2019, 2021ರ ಮಹಾಪೂರಗಳನ್ನು ತಾಲೂಕಿನ ಜನ ತಮ್ಮ ಮಕ್ಕಳ ಹುಟ್ಟಿದ ವರ್ಷಗಳಂತೆ ನೆನಪಿಟ್ಟಿದ್ದಾರೆ.

ಪೇಟಿಯನ್ನು ಮೊದಲು ನೋಡಿದೆ. ಈ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎಂಬುದೇ ಹೆಸರು. ಗಾಳಿಯೂದುವ ತಿದಿಯನ್ನು ಇಲಿ ಕಡಿದಿತ್ತು. ಕರಿಯ ಮನೆಗಳಲ್ಲಿ ಎರಡು ಕುಸಿದಿದ್ದವು. ಒಂದು ಸ್ವರವನ್ನು ಒತ್ತಿದರೆ ನೆರೆಯ ಸ್ವರವೂ ಕರೆಯದೆ ಬರುತ್ತಿತ್ತು. ಮೇಳದ ಹಿರಿಯರು, ಎಪ್ಪತ್ತು ದಾಟಿದವರು, ಅದನ್ನು ಮುಚ್ಚಿ ಮೇಲೆ ವಸ್ತ್ರ ಹೊದಿಸಿದ ಬಗೆ ನೋಡಿ ನನಗೆ ಮಾತು ಹೊರಡಲಿಲ್ಲ. ಜಮಖಂಡಿ, ಮುಧೋಳ, ಬೀಳಗಿಯ ಸೀಮೆಯೆಂದರೆ ಶ್ರೀಕೃಷ್ಣ ಪಾರಿಜಾತದ ಸೀಮೆ. ಕುಲಗೋಡ ತಮ್ಮಣ್ಣನ ಆ ಆಟದ ಪದಗಳು ಈ ಭಾಗದ ಭಜನೆಯ ಪಂಗಡಗಳಲ್ಲಿ ಇಂದಿಗೂ ನಡುರಾತ್ರಿಯ ಮೇಲೆ ಒಮ್ಮೊಮ್ಮೆ ಕೇಳಿಬರುತ್ತವೆ. ಈ ಹಿರಿಯರ ಕಂಠದಲ್ಲಿ ಅವು ಇನ್ನೂ ಇದ್ದವು. ಕಲಿಯಲು ಹತ್ತು ಹನ್ನೆರಡು ಹುಡುಗ ಹುಡುಗಿಯರೂ ಬರುತ್ತಿದ್ದರು. ನಡುವೆ ಸ್ವರ ಹಿಡಿಯುವ ಪೇಟಿಯೇ ಇರಲಿಲ್ಲ.

ಹುಡುಗರು ಕೂಪನ್ನುಗಳನ್ನು ತೋರಿಸಿದರು. ಒಂದು ಸಾವಿರ ಅಚ್ಚು ಹಾಕಿಸಿದ್ದರು. ಒಂದಕ್ಕೆ 50 ರೂಪಾಯಿ. ಆಗಲೇ 212 ಮಾರಿದ್ದರು. ಮೊದಲನೆಯ ಬಹುಮಾನವಾಗಿ ಮುಧೋಳದ ನಾಯಿಮರಿ! ಇದರ ಮೇಲೆ ದೊಡ್ಡ ಜಗಳವೇ ಆಗಿತ್ತೆಂದು ಆಮೇಲೆ ತಿಳಿಯಿತು. "ಗೆದ್ದವರ ಮನಿಯಾಗ ಅದಕ್ಕ ಹಾಲು ಯಾರು ಹಾಕಬೇಕು?" ಎಂದು ಹೆಂಗಸರು ಕೇಳಿದ್ದಕ್ಕೆ ಗಂಡಸರಲ್ಲಿ ಉತ್ತರವಿರಲಿಲ್ಲ. ನಾಯಿಮರಿ ಹೋಗಿ ಗೋಡೆಗೆ ಹಾಕುವ ಟಿ.ವಿ. ಬಂದಿತ್ತು. ಅದನ್ನು ಕೊಳ್ಳುವ ಹಣ ಮಾತ್ರ ಇನ್ನೂ ಕೂಪನ್ನುಗಳಿಂದ ಬರಬೇಕಾಗಿತ್ತು. ಪೇಟಿಗಾಗಿ ಚೀಟಿ, ಚೀಟಿಗಾಗಿ ಟಿ.ವಿ., ಟಿ.ವಿ.ಗಾಗಿ ಮತ್ತಷ್ಟು ಚೀಟಿ. ಇಂಥ ಲೆಕ್ಕದಲ್ಲಿ ಕೊನೆಗೆ ಪೇಟಿಯೇ ಉಳಿಯದಿರುವುದುಂಟು.

ಮಧ್ಯಾಹ್ನ ಮಾಸ್ತರರ ಮನೆಯಲ್ಲಿ ಊಟ. ಅವರ ತಾಯಿ ರೊಟ್ಟಿ ಬಡಿಯುತ್ತಿದ್ದರು. ನಾನು ಅಂಗಿಯ ಜೇಬಿನಿಂದ ಕೂಪನ್ನೊಂದನ್ನು ತೆಗೆದು ನೋಡುತ್ತಿದ್ದಾಗ ಅವರ ಕೈ ತಡೆಯಿತು.

"ತಮ್ಮಾ, ಆ ಚೀಟಿ ನನ್ನ ಮನಿಯೊಳಗ ತರಬ್ಯಾಡ. ಹೊರಗ ಕಟ್ಟಿ ಮ್ಯಾಲಿಟ್ಟು ಬಾ."

ಮಾಸ್ತರರು ತಲೆ ತಗ್ಗಿಸಿದರು. ನಾನು ಎದ್ದು ಹೋಗಿ ಚೀಟಿಯನ್ನು ಕಟ್ಟೆಯ ಮೇಲಿಟ್ಟು, ಹಾರದಂತೆ ಮೇಲೊಂದು ಕಲ್ಲಿಟ್ಟು ಬಂದೆ. ಊಟವಾದ ಮೇಲೆ ಆಕೆಯೇ ಹೇಳಿದರು. ಅವರ ಯಜಮಾನರಿಗೆ ಲಾಟರಿಯ ಹುಚ್ಚು ಹತ್ತಿತ್ತು. ಅದೂ ಒಂದಂಕಿಯ ಲಾಟರಿ: ಬೆಳಿಗ್ಗೆ ಕೊಂಡರೆ ಸಂಜೆಗೆ ಫಲ. ಮೊದಲು ಹಾಲಿನ ದುಡ್ಡು ಹೋಯಿತು, ಆಮೇಲೆ ಹಾಲು ಕೊಡುವ ಎಮ್ಮೆ. ಕಡೆಗೆ ಎರಡು ಎಕರೆ ಹೊಲವನ್ನು ಒತ್ತೆಯಿಟ್ಟರು. ಬಿಡಿಸಿಕೊಳ್ಳಲು ಮಗ ಮಾಸ್ತರನಾಗಿ ಒಂಬತ್ತು ವರ್ಷ ದುಡಿಯಬೇಕಾಯಿತು. "ಇದು ದೇವರ ಕೆಲಸಕ್ಕ ಅಂತಾರ. ಖರೆ. ಅವರೂ ದೇವರ ಹೆಸರು ಹೇಳೇ ಕೊಳ್ಳತಿದ್ದರು" ಎಂದರು.

ಬಸ್ ನಿಲ್ದಾಣಗಳ ಎದುರು ಮೇಜಿನ ಮೇಲೆ ಬಣ್ಣದ ಟಿಕೇಟುಗಳನ್ನು ಸಾಲಾಗಿ ಕ್ಲಿಪ್ಪು ಹಾಕಿ ಮಾರುತ್ತಿದ್ದ ಕಾಲ ನಮ್ಮ ಓದುಗರಿಗೆ ನೆನಪಿರಬೇಕು. ಭಾರತದಲ್ಲಿ ರಾಜ್ಯ ಸರ್ಕಾರವೇ ಲಾಟರಿ ನಡೆಸುವ ಪದ್ಧತಿಯನ್ನು 1967ರಲ್ಲಿ ಆರಂಭಿಸಿದ್ದು ಕೇರಳ. ಅಲ್ಲಿಯ ಮೊದಲ ಚೀಟಿಯನ್ನು 1968ರ ಜನವರಿ 26ರಂದು ಎತ್ತಿದರು. ನಮ್ಮ ರಾಜ್ಯವೂ ಅದೇ ದಾರಿ ಹಿಡಿಯಿತು. 1998ರಲ್ಲಿ ಕೇಂದ್ರದ ಕಾನೂನು ಒಂದಂಕಿಯ ಲಾಟರಿಯನ್ನು ನಿಷೇಧಿಸಿತು. ಬಡವರ ಮನೆಗಳು ಹಾಳಾಗುವ ಕೂಗು ಅಷ್ಟಕ್ಕೆ ನಿಲ್ಲದೆ 2007ರಲ್ಲಿ ಕರ್ನಾಟಕ ಎಲ್ಲ ಲಾಟರಿಗಳನ್ನೂ ನಿಲ್ಲಿಸಿತು. ಕೇರಳದಲ್ಲಿ ಅದು ಇಂದಿಗೂ ನಡೆಯುತ್ತಿದೆ.

ಅಂದು ಸಂಜೆ ಹಿಂದಿರುಗುವಾಗ ಜಮಖಂಡಿಯಲ್ಲಿ ಪರಿಚಯದ ವಕೀಲರನ್ನು ಕಂಡೆವು. ಮಾಸ್ತರರು ಹೇಳಿದ್ದನ್ನೆಲ್ಲ ಕೇಳಿ ಅವರು ಮೂರು ಬೆರಳು ಮಡಿಸಿದರು. ಬಹುಮಾನ ಒಂದು, ಅದು ಅದೃಷ್ಟದಿಂದ ಸಿಗುವುದು ಎರಡು, ಆ ಅದೃಷ್ಟದ ಪಾಲಿಗಾಗಿ ಹಣ ತೆರುವುದು ಮೂರು. ಮೂರೂ ಕೂಡಿದರೆ ಲಾಟರಿ, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಸರ್ಕಾರದ ಅನುಮತಿಯಿಲ್ಲದೆ ಅದಕ್ಕಾಗಿ ಕಚೇರಿ ಇಡುವುದು ಅಪರಾಧವೆಂದು 1870ರಲ್ಲಿಯೇ ದಂಡಸಂಹಿತೆಗೆ 294ಎ ಕಲಮನ್ನು ಸೇರಿಸಿದ್ದರು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 297ನೆಯ ಕಲಮು. ಆರು ತಿಂಗಳವರೆಗೆ ಸೆರೆವಾಸ ಆಗಬಹುದು. "ಭಜನಾ ಮೇಳದವರನ್ನ ಯಾರೂ ಹಿಡಿಯಾಕ ಬರಾಕಿಲ್ಲ ಅನ್ನಬಹುದು. ಆದರ ನೀವು ಮಾಸ್ತರು. ಶಾಲ್ಯಾಗ ಏನು ಕಲಸ್ತೀರಿ?" ಎಂದು ವಕೀಲರು ನಕ್ಕರು.

ಮಾಸ್ತರರ ಮುಖ ಬಾಡಿತು. ನಾನು ಒಂದೇ ಪ್ರಶ್ನೆ ಕೇಳಿದೆ: ಮೂರರಲ್ಲಿ ಒಂದು ಬೆರಳನ್ನು ತೆಗೆದುಬಿಟ್ಟರೆ? ಚೀಟಿಗೆ ಹಣವನ್ನೇ ತೆಗೆದುಕೊಳ್ಳದಿದ್ದರೆ? ವಕೀಲರು ಸ್ವಲ್ಪ ಯೋಚಿಸಿ, ಚೀಟಿ ಪುಕ್ಕಟೆಯಾಗಿರಲಿ, ಎಲ್ಲ ಮನೆಗೂ ಸಿಗಲಿ, ದೇಣಿಗೆ ಕೊಟ್ಟವರಿಗೂ ಕೊಡದವರಿಗೂ ಒಂದೇ ಆಗಿರಲಿ. ಆಗ ಅದು ಲಾಟರಿಯಲ್ಲ, ಬರಿಯ ಆಟ ಎಂದರು. "ಆದರ ಆಟದಿಂದ ಪೇಟಿ ಹೆಂಗ ಬರ್ತೈತಿ?" ಎಂದು ಅವರೇ ಕೇಳಿದರು. ಅದಕ್ಕೆ ನಮ್ಮಲ್ಲಿ ಆಗ ಉತ್ತರವಿರಲಿಲ್ಲ.

ಊರ ಕೆಲಸಕ್ಕೆ ಚೀಟಿಯಿಂದ ಹಣ ಕೂಡಿಸಿದ ದೊಡ್ಡ ಉದಾಹರಣೆಗಳಿಲ್ಲವೆಂದಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಹುಟ್ಟಿದ್ದೇ 1753ರ ಲಾಟರಿಯಿಂದ. ಮೂರು ಪೌಂಡಿನ ಒಂದು ಲಕ್ಷ ಟಿಕೇಟುಗಳನ್ನು ಮಾರಿ, ಬಹುಮಾನ ಕಳೆದು ಉಳಿದದ್ದರಲ್ಲಿ ಪುಸ್ತಕಗಳನ್ನೂ ಹಸ್ತಪ್ರತಿಗಳನ್ನೂ ಕೊಂಡರು. ಅದನ್ನು ನಡೆಸಿದವರಲ್ಲಿ ಒಬ್ಬನು ಸುಳ್ಳು ಹೆಸರುಗಳಲ್ಲಿ ರಾಶಿ ಟಿಕೇಟು ಹಿಡಿದು ಲಾಭಕ್ಕೆ ಮಾರಿಸಿ, ಕಡೆಗೆ ಸಾವಿರ ಪೌಂಡು ದಂಡ ತೆತ್ತನು. ಕಲ್ಕತ್ತೆಯ ಟೌನ್ ಹಾಲು, 1813ರದು, ಲಾಟರಿಯ ದುಡ್ಡಿನ ಕಟ್ಟಡ. ಆದರೆ ಇವೆಲ್ಲ ದೂರದ ಮಾತು. ಜಮಖಂಡಿ ತಾಲೂಕಿನವರಿಗೆ ಹಣ ಕೂಡಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಇದೇ ತಾಲೂಕಿನ ಚಿಕ್ಕಪಡಸಲಗಿಯಲ್ಲಿ, ಸರ್ಕಾರದ ದಾರಿ ಕಾದು ಬೇಸತ್ತ ಕೃಷ್ಣಾತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ವಂತಿಗೆ ಹಾಕಿ, ತಾವೇ ಮೈಮುರಿದು ದುಡಿದು, 1989ರಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಅದರ ಹೆಸರು ಶ್ರಮಬಿಂದು ಸಾಗರ. ಎರಡೇ ವರ್ಷಕ್ಕೆ ನ್ಯಾಮಗೌಡರು ಲೋಕಸಭೆಯ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಆ ಬ್ಯಾರೇಜಿಗೆ ಹಣ ಕೊಟ್ಟವರಿಗೆ ಸಿಕ್ಕ ಬಹುಮಾನ ನೀರು. ಅದಕ್ಕೆ ಚೀಟಿ ಎತ್ತುವ ಪ್ರಮೇಯವಿರಲಿಲ್ಲ.

ಇನ್ನೊಂದು ಸವಾಲು. ಜಾತ್ರೆಯಲ್ಲಿ ದೇವರ ಗದ್ದುಗೆಯ ಮೇಲಿನ ಕಾಯನ್ನು ಎಲ್ಲರ ಮುಂದೆ ಕೂಗಿ ಏರಿಸುವುದು ಈ ಕಡೆ ತಲೆತಲಾಂತರದ ಪದ್ಧತಿ. ಇದೇ ತಾಲೂಕಿನ ಚಿಕ್ಕಲಕಿಯಲ್ಲಿ 2022ರಲ್ಲಿ ಮಾಳಿಂಗರಾಯನ ಗದ್ದುಗೆಯ ಒಂದು ತೆಂಗಿನಕಾಯಿ ಆರೂವರೆ ಲಕ್ಷ ರೂಪಾಯಿಗೆ ಏರಿತು. ಹಿಡಿದವರು ಹಣ್ಣಿನ ವ್ಯಾಪಾರಿ. ಹುಚ್ಚೆನ್ನುವವರು ಎನ್ನಲಿ. ಆದರೆ ಸವಾಲಿನಲ್ಲಿ ಒಂದು ಗುಣವಿದೆ: ಕೊಡುವವನು ತಾನು ಎಷ್ಟು ಕೊಡುತ್ತಿದ್ದೇನೆಂದು ಬಲ್ಲ, ಊರೂ ಬಲ್ಲದು. ಚೀಟಿಯವನು ಐವತ್ತಕ್ಕೆ ಐವತ್ತು ಸಾವಿರದ ಕನಸು ಕೊಳ್ಳುತ್ತಾನೆ. ಸವಾಲಿನವನು ಹತ್ತು ರೂಪಾಯಿಯ ಕಾಯಿಗೆ ತಿಳಿದೇ ಸಾವಿರ ಕೊಡುತ್ತಾನೆ. ವಕೀಲರಿಗೆ ಹೇಳಬೇಕಾಗಿದ್ದ ಉತ್ತರ ಇದಾಗಿತ್ತು. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಹೊಳೆಯಿತು. ಮಾಸ್ತರರಿಗೆ ಫೋನು ಮಾಡಿದೆ.

ಮೊದಲು ಆಗಬೇಕಾದದ್ದು ಮಾರಿದ ಕೂಪನ್ನಿನ ಹಣವನ್ನು ಹಿಂದಿರುಗಿಸುವುದು. ಇದಕ್ಕೆ ಹುಡುಗರು ಸುಲಭಕ್ಕೆ ಒಪ್ಪಲಿಲ್ಲವಂತೆ. ಮನೆ ಮನೆಗೆ ಹೋಗಿ ದುಡ್ಡು ಕೇಳುವುದಕ್ಕಿಂತ ಮನೆ ಮನೆಗೆ ಹೋಗಿ ದುಡ್ಡು ಮರಳಿ ಕೊಡುವುದಕ್ಕೆ ಹೆಚ್ಚಿನ ಧೈರ್ಯ ಬೇಕು. ಏನೋ ತಪ್ಪು ಮಾಡಿದ್ದಾರೆಂಬ ನೋಟಗಳನ್ನು ಎದುರಿಸಬೇಕು. ಆದರೂ ಹೋದರು. 64 ಕೂಪನ್ನುಗಳವರು ಹಣ ತಿರುಗಿ ತೆಗೆದುಕೊಂಡರು. ಉಳಿದ 148ರವರು, "ಪೇಟಿಗೆ ಕೊಟ್ಟಿದ್ದು, ಟಿ.ವಿ.ಗೆ ಕೊಟ್ಟಿಲ್ಲ, ಇರಲಿ" ಎಂದರು. ಅವರ ಕೂಪನ್ನು ಮರಳಿ ಪಡೆದು ದೇಣಿಗೆಯ ಪಾವತಿ ಬರೆದುಕೊಟ್ಟರು. ಒಬ್ಬ ಮುದುಕಿ ಮಾತ್ರ ಪಾವತಿಯನ್ನು ಒಲ್ಲೆ, ಕೂಪನ್ನೇ ಇರಲಿ, ಅದರ ಬಣ್ಣ ಚೆನ್ನಾಗಿದೆ ಎಂದಳಂತೆ. ಹುಡುಗರು ಅದರ ಮೇಲೆ 'ರದ್ದು' ಎಂದು ಬರೆದುಕೊಟ್ಟರು.

ಎಳ್ಳಮಾವಾಸ್ಯೆಯ ದಿನ ನಾನು ಹೆಂಡತಿ ಮಕ್ಕಳೊಡನೆ ಹೋದೆ. ನಗರದಲ್ಲಿ ಬೆಳೆದ ಮಕ್ಕಳಿಗೆ ಚರಗ ಎಂದರೇನೆಂದು ಹೇಳಿ ತಿಳಿಸಲಾಗದು, ತೋರಿಸಬೇಕು. ಮನೆಮಂದಿಯೆಲ್ಲ ಹೊಸ ಬಟ್ಟೆಯುಟ್ಟು, ಬುಟ್ಟಿ ತುಂಬ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು. ಎದೆಯೆತ್ತರ ಬೆಳೆದ ಜೋಳದ ನಡುವೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸುವುದು. ಎಡೆಯ ಅನ್ನವನ್ನು ಹೊಲದ ನಾಲ್ಕೂ ಕಡೆಗೆ ಎರಚಿ ಭೂಮಿತಾಯಿಗೆ ಉಣಿಸುವುದು. ಆಮೇಲೆ ಎಲ್ಲರೂ ಕೂತು ಉಣ್ಣುವುದು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಜೋಳದ ಕಡಬು, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ನನ್ನ ಮಗಳು ಎರಡನೆಯ ಹೋಳಿಗೆಯ ಬಳಿಕ ಬದುವಿನ ಮೇಲೆಯೇ ಮಲಗಿ ನಿದ್ದೆ ಹೋದಳು. ಮಾಸ್ತರರ ತಾಯಿ ಅವಳ ಮೇಲೆ ಸೆರಗು ಹೊದಿಸಿ ನೊಣ ಓಡಿಸುತ್ತ ಕುಳಿತರು. ಬಿಡಿಸಿಕೊಂಡ ಆ ಎರಡು ಎಕರೆ ಇದೇ ಎಂದು ಹೇಳಿದರು.

ಸಂಜೆ ಗುಡಿಯ ಮುಂದಿನ ಬಯಲಿಗೆ ಹೋದಾಗ ಅಲ್ಲಿ ಆಗಲೇ ವಾದ ನಡೆದಿತ್ತು. ಮೇಳ ವರ್ಷವಿಡೀ ಭಜನೆಗೆ ಹೋಗುವ ಮನೆಗಳು 240. ಮನೆಗೊಂದು ಚೀಟಿಯೆಂದು ಬರೆದು ಮಡಿಸಿ, ಹಿತ್ತಾಳೆಯ ಕೊಡದಲ್ಲಿ ಹಾಕಲು ಸಿದ್ಧವಾಗಿತ್ತು. ಅಷ್ಟರಲ್ಲಿ ಒಬ್ಬ ಹುಡುಗಿ, ಐದನೆಯ ತರಗತಿಯವಳು, "ಗ್ಯಾಂಗಿನವರದು ಮನಿ ಅಲ್ಲೇನ್ರಿ?" ಎಂದು ಕೇಳಿದ್ದಳು. ಕಬ್ಬು ಕಡಿಯಲು ದೂರದಿಂದ ಬಂದವರ ಹದಿನಾಲ್ಕು ಜೋಪಡಿಗಳು ಊರ ಹೊರಗಿದ್ದವು. ಅವರ ಮಗಳೊಬ್ಬಳು ಈ ಹುಡುಗಿಯ ಗೆಳತಿ.

"ಅವರು ಊರವರಲ್ಲ, ನಾಳೆ ಹಂಗಾಮು ಮುಗಿದ್ರ ಹೋಗ್ತಾರ" ಎಂದು ಒಬ್ಬರು. "ಬಹುಮಾನ ಕೊಟ್ಟವರು ಊರವರು" ಎಂದು ಇನ್ನೊಬ್ಬರು. ಅದೂ ನಿಜವೇ: ಬಹುಮಾನಗಳನ್ನು ಈ ಸಲ ಕೊಂಡಿರಲಿಲ್ಲ, ಮನೆಗಳವರೇ ಕೊಟ್ಟಿದ್ದರು. ಸ್ಟೀಲಿನ ಕೊಡ, ಕುಕ್ಕರು, ಬನಹಟ್ಟಿಯ ಸೀರೆ, ಕಂಬಳಿ, ಶಾಲೆಯ ಚೀಲಗಳು, ಮೇಜಿನ ಮೇಲಿಡುವ ಫ್ಯಾನು, ಒಂದು ಆಡಿನ ಮರಿ. ಎಲ್ಲರೂ ನನ್ನ ಕಡೆ ನೋಡಿದರು. ಬೀಗರೂ ದಾಯಾದಿಗಳೂ ಇಲ್ಲದವನನ್ನು ಕುರ್ಚಿಯ ಮೇಲೆ ಕೂರಿಸುವುದು ಏಕೆಂದು ಆಗ ನನಗೆ ಪೂರ್ತಿಯಾಗಿ ಅರ್ಥವಾಯಿತು. ನಾನು ಉತ್ತರಿಸುವ ಮೊದಲೇ ಮೇಳದ ಹಿರಿಯರು ಹೇಳಿದರು: "ಕಾರ್ತಿಕದಾಗ ಅವರ ಜೋಪಡಿ ಮುಂದೂ ಭಜನಿ ಮಾಡೇವಿ. ಚಾ ಕುಡದೇವಿ." ಮುಂದೆ ಮಾತು ಬೆಳೆಯಲಿಲ್ಲ. ಹದಿನಾಲ್ಕು ಚೀಟಿ ಹೆಚ್ಚಿಗೆ ಬರೆದರು.

ಚೀಟಿ ಎತ್ತುವಲ್ಲಿ ನಾನು ಕೇಳಿಕೊಂಡದ್ದು ಸ್ವಲ್ಪವೇ. ಕಾಗದವೆಲ್ಲ ಒಂದೇ ಬಣ್ಣ, ಒಂದೇ ಅಳತೆ, ಒಂದೇ ಮಡಿಕೆ ಇರಬೇಕು. ಪಟ್ಟಿಯಲ್ಲಿಯ ಹೆಸರನ್ನು ಗಟ್ಟಿಯಾಗಿ ಓದುತ್ತ ಒಂದೊಂದೇ ಚೀಟಿಯನ್ನು ಎಲ್ಲರೆದುರು ಕೊಡಕ್ಕೆ ಹಾಕಬೇಕು. ಇದಕ್ಕೇ ಅರ್ಧ ಗಂಟೆ ಹಿಡಿಯಿತು, ಆದರೆ ಜನ ಬೇಸರಪಡಲಿಲ್ಲ. ತಮ್ಮ ತಮ್ಮ ಹೆಸರು ಬಂದಾಗ ಒಬ್ಬೊಬ್ಬರ ಬೆನ್ನೂ ನೆಟ್ಟಗಾಗುತ್ತಿತ್ತು. ಪ್ರತಿ ಚೀಟಿಗೂ ಬೇರೆ ಬೇರೆ ಮಗು, ತೋಳಿನವರೆಗೆ ಅಂಗಿ ಮಡಿಸಿ ಕೈಹಾಕಬೇಕು. ಎತ್ತಿದ ಚೀಟಿಯನ್ನು ನಾನು ಓದಿ, ಪಕ್ಕದಲ್ಲಿ ಕುಳಿತ ಇಬ್ಬರಿಗೆ ತೋರಿಸಿ, ದಾರದಲ್ಲಿ ಪೋಣಿಸಬೇಕು. ಮೇಳದ ಸದಸ್ಯರ ಮನೆಯ ಚೀಟಿ ಬಂದರೆ ಬಹುಮಾನ ಅವರಿಗಿಲ್ಲ, ಇನ್ನೊಮ್ಮೆ ಎತ್ತಬೇಕು. ಇದನ್ನು ಸೂಚಿಸಿದ್ದು ಮೇಳದವರೇ. ಹಾಗೆ ಬಂದದ್ದೂ ಉಂಟು: ಆಡಿನ ಮರಿ ಮೊದಲು ಪೇಟಿಯ ಹಿರಿಯರ ಮನೆಗೆ ಬಂದಿತು! ಅವರು ನಕ್ಕು ಕೈಮುಗಿದರು. ಅವರ ಮೊಮ್ಮಗ ಮಾತ್ರ ಆ ರಾತ್ರಿಯೆಲ್ಲ ಯಾರೊಡನೆಯೂ ಮಾತನಾಡಲಿಲ್ಲ. ನಿಯಮಗಳ ಬೆಲೆಯನ್ನು ಎಂಟು ವರ್ಷದ ಹುಡುಗನೊಬ್ಬ ತೆರಬೇಕಾಗಿ ಬಂದದ್ದು ನನಗೆ ಈಗಲೂ ಸರಿಯೆನಿಸಿಲ್ಲ.

ಮೇಜಿನ ಫ್ಯಾನಿಗೆ ಎತ್ತಿದ ಚೀಟಿಯಲ್ಲಿ ಜೋಪಡಿಯವರ ಹೆಸರಿತ್ತು. ಒಂದು ಕ್ಷಣ ಬಯಲಿಗೆ ಬಯಲೇ ನಿಶ್ಶಬ್ದ. ಆಮೇಲೆ ಹಿಂದಿನಿಂದ ಯಾರೋ, "ಅದನ್ನ ಎದಕ್ಕ ಹಚ್ಚತಾರೋ, ಕಬ್ಬಿಗೇನು?" ಎಂದರು. ಎಲ್ಲರೂ ನಕ್ಕರು. ಆ ಜೋಪಡಿಯ ಹೆಣ್ಣುಮಗಳು ಎದ್ದು ಬಂದು, ತಾನೂ ನಗುತ್ತ, ಫ್ಯಾನನ್ನು ಕೂಸಿನಂತೆ ಸೊಂಟದ ಮೇಲೆ ಎತ್ತಿಕೊಂಡು ಹೋದಳು.

ಸವಾಲು ರಾತ್ರಿ ಎಂಟಕ್ಕೆ ಮೊದಲಾಯಿತು. ಇದರ ಮಜವೇ ಬೇರೆ. ದೇವರ ಮುಂದಿನ ತೆಂಗಿನಕಾಯಿ 101ರಿಂದ ಹೊರಟು 5,100ಕ್ಕೆ ನಿಂತಿತು. ಹೊಸ ಬೆಲ್ಲದ ಪೆಂಟೆ, ಕುಂಬಳಕಾಯಿ, ಮೊದಲ ಜೋಳದ ತೆನೆಯ ಕಟ್ಟು. ಕೂಗುವಾತ ಹೆಸರು ಹಿಡಿದು ಹಿಡಿದು ಕೆಣಕುತ್ತಿದ್ದ: "ಕಾಕಾ, ಹೋದ ವರ್ಷ ಕಬ್ಬಿನ ಬಿಲ್ಲು ಬಂದಾಗ ಏನಂದಿದ್ದಿ, ಮರತಿ ಏನು?" ಕಾಕಾ ಮತ್ತೆ ಇನ್ನೂರು ಏರಿಸುವನು. ಕೊನೆಗೆ ಒಂದು ಕೌದಿ ಬಂದಿತು. ಹಳೆಯ ಸೀರೆಗಳ ತುಂಡುಗಳನ್ನು ಕೂಡಿಸಿ, ಒತ್ತೊತ್ತಾಗಿ ದಾರ ಓಡಿಸಿ ಹೊಲಿದದ್ದು. ಮಾಸ್ತರರ ತಾಯಿ ಹೊಲಿದಿದ್ದರು. "ಇದನ್ನ ಚೀಟಿಗೆ ಇಡಬ್ಯಾಡ್ರಿ, ಸವಾಲಿಗಿಡ್ರಿ. ಬೇಕಂದವರು ರೊಕ್ಕ ಕೊಟ್ಟು ಒಯ್ಯಲಿ" ಎಂದು ಮಧ್ಯಾಹ್ನವೇ ಕೊಟ್ಟುಕಳಿಸಿದ್ದರಂತೆ. ಅವರು ಹೆಂಗಸರ ಸಾಲಿನ ಕೊನೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದರು. ನನ್ನ ಹೆಂಡತಿ ಆ ಕೌದಿಯನ್ನು ಕೊಳ್ಳಬೇಕೆಂದು ಕಣ್ಸನ್ನೆ ಮಾಡಿದಳು. ಕುರ್ಚಿಯ ಮೇಲೆ ಕೂತವನು ಕೂಗುವಂತಿಲ್ಲವೆಂದು ನಾನು ಕಣ್ಸನ್ನೆಯಲ್ಲಿಯೇ ಹೇಳಿದೆ. ಅವಳು ತಾನೇ ಕೂಗಿದಳು. 2,000ದವರೆಗೆ ಏರಿ ಅಲ್ಲಿಗೆ ನಿಂತಳು. 3,500ಕ್ಕೆ ಅದು ಊರಿನ ದರ್ಜಿಯವರ ಪಾಲಾಯಿತು. "ನನ್ನ ಮಿಷಿನ್ನಿಗೆ ಇಂಥಾ ಹೊಲಿಗಿ ಬರೂದಿಲ್ಲ" ಎಂದು ಅವರು ಅದನ್ನು ಮಡಿಸಿ ಹೆಗಲಿಗೆ ಹಾಕಿಕೊಂಡರು.

ಲೆಕ್ಕವನ್ನು ಅದೇ ರಾತ್ರಿ ಓದಬೇಕೆಂಬುದು ನನ್ನ ಕಡೆಯ ಹಟವಾಗಿತ್ತು. ಹತ್ತೂವರೆಯಾಗಿತ್ತು, ಮಕ್ಕಳು ತಾಯಂದಿರ ತೊಡೆಯ ಮೇಲೆ ಮಲಗಿದ್ದರು. ಆದರೂ ಜನ ಏಳಲಿಲ್ಲ. ಉಳಿಸಿಕೊಂಡ ಕೂಪನ್ನಿನ ದೇಣಿಗೆ 7,400. ಸವಾಲು 21,650. ಹುಂಡಿಯಲ್ಲಿ 6,830. ಒಟ್ಟು 35,880. ಖರ್ಚು: ಕೂಪನ್ನಿನ ಅಚ್ಚು 1,800, ಮೈಕು ಮತ್ತು ದೀಪ 2,500, ಚಹಾ ಹಾಗೂ ಇತರೆ 1,180. ಉಳಿದದ್ದು 30,400 ರೂಪಾಯಿ. ಅಚ್ಚಿನ 1,800 ದಂಡವಾಯಿತಲ್ಲ ಎಂದು ಒಬ್ಬರು ಎದ್ದು ಕೇಳಿದರು. ಹೌದು, ತಪ್ಪಾಯಿತು ಎಂದು ಹುಡುಗರಲ್ಲಿ ಹಿರಿಯನಾದವನು ಮೈಕಿನಲ್ಲಿಯೇ ಒಪ್ಪಿಕೊಂಡ. ಕೇಳಿದವರು ಸರಿ ಎಂದು ಕುಳಿತರು. ಲೆಕ್ಕದ ಹಾಳೆಯನ್ನು ಗುಡಿಯ ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದರು.

ಮನೆಗೆ ಬಂದ ಮೇಲೆ ಮಾಸ್ತರರ ತಾಯಿ, ಉಳಿದ ಖಾಲಿ ಕೂಪನ್ನುಗಳ ಕಟ್ಟನ್ನು ಏನು ಮಾಡುವಿರೆಂದು ಮಗನನ್ನು ಕೇಳಿದರು. ಅವರು ಉತ್ತರಿಸುವ ಮೊದಲೇ ಅದನ್ನು ಒಯ್ದು ನೀರು ಕಾಯಿಸುವ ಒಲೆಗೆ ಹಾಕಿದರು. ಮರುದಿನ ಬೆಳಿಗ್ಗೆ ನಮಗೆಲ್ಲ ಸ್ನಾನಕ್ಕೆ ಬಿಸಿನೀರು ಚೆನ್ನಾಗಿತ್ತು.

ಹೊಸ ಪೇಟಿಗೆ 24,000 ಆಯಿತು. ತಬಲಾ-ಡಗ್ಗಾಕ್ಕೆ ಉಳಿದ ಹಣ ಸಾಲಲಿಲ್ಲ. ಅದು ಬರುವ ವರ್ಷಕ್ಕೆ. ಕಬ್ಬಿನ ಹಂಗಾಮು ಮುಗಿದ ಮೇಲೆ ಮಾಸ್ತರರು ಒಂದು ಚಿತ್ರ ಕಳಿಸಿದ್ದರು. ಗ್ಯಾಂಗಿನವರು ಊರಿಗೆ ಹೊರಟ ಟ್ರ್ಯಾಕ್ಟರು: ಪಾತ್ರೆ, ಚಾಪೆ, ಕೋಳಿಗಳ ಬುಟ್ಟಿ, ಎಲ್ಲದರ ಮೇಲೆ ಹಗ್ಗದಿಂದ ಬಿಗಿದು ಕಟ್ಟಿದ ಆ ಫ್ಯಾನು. ಟ್ರ್ಯಾಕ್ಟರಿನ ಓಟದ ಗಾಳಿಗೆ ಅದರ ರೆಕ್ಕೆಗಳು ತಾವಾಗಿಯೇ ತಿರುಗುತ್ತಿದ್ದವಂತೆ.